ಬಾರ್ಬಿಯನ್ನು ಮಾಡಿದ ಕೈಗಳು

(ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತು ಮುಗಿದ ಮೇಲೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬಾರ್ಬಿ ಗೊಂಬೆ ಹುಟ್ಟಿದ ಕತೆಯನ್ನು ನಿಮ್ಮಲ್ಲಿ ಬಹಳ ಜನ ಕೇಳಿರುತ್ತೀರಿ. ಅಮೆರಿಕದಲ್ಲಿ ರೂತ್ ಹ್ಯಾಂಡ್ಲರ್ ಅಂತ ಒಬ್ಬ ತಾಯಿ. ಅವರ ಮಗಳು ಬಾರ್ಬರಾ ಗೆಳತಿಯರ ಜೊತೆ ಕೂತು ಕಾಗದದ ಗೊಂಬೆಗಳಿಗೆ ಕಾಗದದ ಬಟ್ಟೆ ತೊಡಿಸಿ ಆಡುತ್ತಿದ್ದಳು. ಅವಳಿಗೆ ಇಷ್ಟವಾಗುತ್ತಿದ್ದದ್ದು ಪಾಪುವಿನ ಚಿತ್ರಗಳಲ್ಲ, ದೊಡ್ಡ ಹೆಂಗಸರ ಚಿತ್ರಗಳು. ಅವುಗಳ ಬಾಯಲ್ಲಿ ದೊಡ್ಡವರ ಮಾತು ಆಡಿಸುತ್ತಿದ್ದಳು. ಅದನ್ನು ನೋಡಿದ ತಾಯಿಗೆ ಒಂದು ಯೋಚನೆ ಬಂತು. ಇದೇ ಆಟಕ್ಕೆ ಕೈಯಲ್ಲಿ ಹಿಡಿಯುವಂಥ ಒಂದು ಗೊಂಬೆ ಯಾಕಿರಬಾರದು? ಹಾಗೆ ಬಾರ್ಬಿ ಹುಟ್ಟಿತು, ಮಗಳ ಹೆಸರೇ ಗೊಂಬೆಗೆ ಬಂತು.

ಈ ಕತೆ ಸುಳ್ಳಲ್ಲ. ರೂತ್ ಇದನ್ನು ಜೀವಮಾನವಿಡೀ ಹೇಳಿಕೊಂಡು ಬಂದರು. ಆದರೆ ಇದರಲ್ಲಿ ಒಬ್ಬರೇ ಕಾಣುತ್ತಾರೆ. ಒಂದು ಗೊಂಬೆ ಅಂಗಡಿಯ ಕಪಾಟಿಗೆ ಬರಬೇಕಾದರೆ ಎಷ್ಟು ಜನ ಬೇಕು ಅಂತ ಯೋಚಿಸಿ. ಅದರ ಮುಖ ಯಾರು ಬರೆದರು, ಅಚ್ಚು ಯಾರು ಮಾಡಿದರು, ಅಂಗೈಗಿಂತ ಚಿಕ್ಕದಾದ ಅಂಗಿಗೆ ಗುಂಡಿ ಯಾರು ಹಾಕಿದರು? ಆ ಜನರ ಬಗ್ಗೆ ನಾನು ಇವತ್ತು ಮಾತಾಡಬೇಕು ಅಂತಿದ್ದೇನೆ. ಅವರನ್ನು ಬಿಟ್ಟು ಬಾರ್ಬಿಯ ಕತೆ ಹೇಳಿದರೆ ಅರ್ಧ ಕತೆ ಹೇಳಿದ ಹಾಗೆ.

ಶುರು ಮಾಡಬೇಕಾದ್ದು ಅಮೆರಿಕದಿಂದಲ್ಲ, ಜರ್ಮನಿಯಿಂದ. ಊರು ಹ್ಯಾಂಬರ್ಗ್. 1952ರ ಜೂನ್ 24ರಂದು ಅಲ್ಲಿ ‘ಬಿಲ್ಡ್’ ಅನ್ನುವ ದಿನಪತ್ರಿಕೆಯ ಮೊದಲ ಸಂಚಿಕೆ ಹೊರಬಂತು. ಆ ಸಂಚಿಕೆಯ ಪುಟವೊಂದರಲ್ಲಿ ಸ್ವಲ್ಪ ಜಾಗ ಖಾಲಿ ಉಳಿದಿತ್ತು. ಅದನ್ನು ತುಂಬಲು ವ್ಯಂಗ್ಯಚಿತ್ರಕಾರ ರೈನ್‌ಹಾರ್ಡ್ ಬೊಯ್ಟಿನ್ ಅವರಿಗೆ ಹೇಳಿದರು. ಅವರು ಮೊದಲು ಬರೆದದ್ದು ಒಂದು ಮುದ್ದು ಮಗುವಿನ ಚಿತ್ರವಂತೆ. ಸಂಪಾದಕರಿಗೆ ಅದು ಹಿಡಿಸಲಿಲ್ಲ. ಬೊಯ್ಟಿನ್ ಮುಖವನ್ನು ಹಾಗೇ ಉಳಿಸಿಕೊಂಡು ಅದಕ್ಕೊಂದು ಜುಟ್ಟು ಸೇರಿಸಿದರು. ಕೆಳಗೆ ಯುವತಿಯ ಮೈ ಬರೆದರು. ಅವಳಿಗೆ ಲಿಲ್ಲಿ ಅಂತ ಹೆಸರಿಟ್ಟರು.

ಮೊದಲ ಚಿತ್ರದಲ್ಲಿ ಲಿಲ್ಲಿ ಕಣಿ ಹೇಳುವವಳ ಮುಂದೆ ಕೂತಿರುತ್ತಾಳೆ. ಶ್ರೀಮಂತ, ಸುಂದರ ಗಂಡಸೊಬ್ಬ ನಿನ್ನ ಬಾಳಲ್ಲಿ ಬರುತ್ತಾನೆ ಅಂತ ಕಣಿಯವಳು ಹೇಳಿರುತ್ತಾಳೆ. ಅವನ ಹೆಸರು, ವಿಳಾಸ ಕೊಡೋಕಾಗಲ್ವಾ ಅಂತ ಲಿಲ್ಲಿ ಕೇಳುತ್ತಾಳೆ. ಲಿಲ್ಲಿಯ ಸ್ವಭಾವವೇ ಅದು. ಆಫೀಸಿನಲ್ಲಿ ಸೆಕ್ರೆಟರಿ ಕೆಲಸ ಮಾಡುವವಳು, ಬಾಯಿ ಜೋರು, ಯಾರಿಗೂ ಹೆದರುವವಳಲ್ಲ. ದುಡ್ಡಿರುವ ಗಂಡಸರ ಮೇಲೆ ಕಣ್ಣು, ಆದರೆ ತಾನೂ ದುಡಿದು ತಿನ್ನುತ್ತಾಳೆ. ಯುದ್ಧದಲ್ಲಿ ಸೋತು, ಬಾಂಬಿಗೆ ಸಿಕ್ಕಿ ಪುಡಿಯಾಗಿದ್ದ ಊರುಗಳು ಆಗಷ್ಟೇ ಮತ್ತೆ ಏಳುತ್ತಿದ್ದ ಕಾಲ. ಆ ಜನಕ್ಕೆ ಲಿಲ್ಲಿ ತುಂಬಾ ಹಿಡಿಸಿದಳು. ಒಂದು ದಿನದ ಖಾಲಿ ಜಾಗ ತುಂಬಲು ಬಂದವಳು 1961ರವರೆಗೂ ಪತ್ರಿಕೆಯಲ್ಲಿ ಉಳಿದುಕೊಂಡಳು.

ಪತ್ರಿಕೆಯವರಿಗೆ ಲಿಲ್ಲಿಯನ್ನು ಗೊಂಬೆ ಮಾಡಿಸಬೇಕು ಅನ್ನಿಸಿತು. ಆ ಕೆಲಸ ಹೋದದ್ದು ಬವೇರಿಯಾದ ನಾಯ್‌ಶ್ಟಾಟ್ ಅನ್ನುವ ಸಣ್ಣ ಊರಿಗೆ, ಹೌಸರ್ ಕುಟುಂಬದ ಕಾರ್ಖಾನೆಗೆ. ಕೋಬುರ್ಗ್ ಪಟ್ಟಣದ ಹತ್ತಿರ ಇರುವ ಈ ಊರು ಮತ್ತು ಅದರ ಪಕ್ಕದ ಸೋನೆಬರ್ಗ್ ತಲೆಮಾರುಗಳಿಂದ ಗೊಂಬೆಗಳಿಗೆ ಹೆಸರುವಾಸಿ. ಯುದ್ಧದ ನಂತರ ಸೋನೆಬರ್ಗ್ ಪೂರ್ವ ಜರ್ಮನಿಗೆ ಸೇರಿತು, ನಾಯ್‌ಶ್ಟಾಟ್ ಪಶ್ಚಿಮದಲ್ಲಿ ಉಳಿಯಿತು. ಒಂದೇ ಕಸುಬಿನ ಎರಡು ಊರುಗಳ ನಡುವೆ ಗಡಿ ಬಂತು. ಹೌಸರ್ ಕಾರ್ಖಾನೆ ಅಲ್ಲಿಯವರೆಗೆ ಮರದ ಹೊಟ್ಟು ಮತ್ತು ಅಂಟು ಕಲಸಿ ಮಾಡುವ ಪುಟ್ಟ ಸೈನಿಕರು, ಪ್ರಾಣಿಗಳಿಗೆ ಹೆಸರಾಗಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ಶಿಲ್ಪಿ ಮ್ಯಾಕ್ಸ್ ವೈಸ್‌ಬ್ರೋಡ್ ಲಿಲ್ಲಿಯ ರೂಪವನ್ನು ಕಡೆದರು. ಬೊಯ್ಟಿನ್ ಕಾಗದದ ಮೇಲೆ ನಾಲ್ಕು ಗೆರೆಯಲ್ಲಿ ಬರೆದದ್ದನ್ನು ಇವರು ಮುಂದೆ, ಹಿಂದೆ, ಪಕ್ಕ ಎಲ್ಲ ಕಡೆಯಿಂದಲೂ ನೋಡುವ ಹಾಗೆ ಮಾಡಬೇಕಿತ್ತು. ಬಾರ್ಬಿಯ ಮೈಕಟ್ಟಿನ ಬಗ್ಗೆ ಇವತ್ತಿಗೂ ಜಗಳ ನಡೆಯುತ್ತದಲ್ಲ, ಆ ಮೈಕಟ್ಟು ಮೊದಲು ಬಂದದ್ದು ವೈಸ್‌ಬ್ರೋಡ್ ಕೈಯಲ್ಲಿ. ಅವರ ಹೆಸರು ಗೊತ್ತಿರುವವರು ಬಹಳ ಕಡಿಮೆ.

1955ರ ಆಗಸ್ಟ್ 12ರಂದು ಲಿಲ್ಲಿ ಗೊಂಬೆ ಮಾರಾಟಕ್ಕೆ ಬಂತು. ಎರಡು ಅಳತೆ: 30 ಸೆಂಟಿಮೀಟರಿನ ದೊಡ್ಡದು, 19 ಸೆಂಟಿಮೀಟರಿನ ಚಿಕ್ಕದು. ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯೊಳಗೆ ನಿಂತಿರುತ್ತಿದ್ದಳು, ಜೊತೆಗೆ ಪುಟಾಣಿ ‘ಬಿಲ್ಡ್’ ಪತ್ರಿಕೆ. ಮಾರುತ್ತಿದ್ದದ್ದು ಎಲ್ಲಿ ಗೊತ್ತಾ? ಸಿಗರೇಟು ಅಂಗಡಿಗಳಲ್ಲಿ, ಬಾರುಗಳಲ್ಲಿ. ಕೊಳ್ಳುತ್ತಿದ್ದವರು ಗಂಡಸರು. ಗೆಳೆಯನಿಗೆ ತಮಾಷೆಗೆ ಕೊಡಲು, ಕಾರಿನ ಗಾಜಿಗೆ ನೇತು ಹಾಕಲು. ಆಮೇಲೆ ಆಮೇಲೆ ಮಕ್ಕಳ ಕೈಗೂ ಹೋಯಿತು, ಅಕ್ಕಪಕ್ಕದ ದೇಶಗಳ ಆಟಿಕೆ ಅಂಗಡಿಗಳಿಗೂ ಹೋಯಿತು.

ಈಗ ಅಮೆರಿಕಕ್ಕೆ ಹೋಗೋಣ.

ರೂತ್ ಹುಟ್ಟಿದ್ದು 1916ರಲ್ಲಿ, ಕೊಲೊರಾಡೊದ ಡೆನ್ವರ್‌ನಲ್ಲಿ. ಪೋಲೆಂಡಿನಿಂದ ವಲಸೆ ಬಂದ ಯಹೂದಿ ಕುಟುಂಬ. ಹತ್ತು ಮಕ್ಕಳಲ್ಲಿ ಇವರೇ ಕೊನೆಯವರು. ಅಪ್ಪ ಕಮ್ಮಾರ. ತಾಯಿಗೆ ಆರೋಗ್ಯವಿರಲಿಲ್ಲ, ರೂತ್ ಬೆಳೆದದ್ದು ಅಕ್ಕನ ಮನೆಯಲ್ಲಿ. 1938ರಲ್ಲಿ ಎಲಿಯಟ್ ಹ್ಯಾಂಡ್ಲರ್ ಜೊತೆ ಮದುವೆಯಾಗಿ ಲಾಸ್ ಏಂಜಲೀಸ್‌ನಲ್ಲಿ ನೆಲೆಸಿದರು. 1945ರಲ್ಲಿ ಎಲಿಯಟ್ ಮತ್ತು ಹೆರಾಲ್ಡ್ ಮ್ಯಾಟ್ಸನ್ ಒಂದು ಗ್ಯಾರೇಜಿನಲ್ಲಿ ಫೋಟೊ ಫ್ರೇಮು ಮಾಡಲು ಶುರು ಮಾಡಿದರು. ಮಿಕ್ಕ ಮರದ ಚೂರುಗಳಲ್ಲಿ ಗೊಂಬೆಮನೆಯ ಕುರ್ಚಿ, ಮೇಜು ಮಾಡಿದರು. ಫ್ರೇಮಿಗಿಂತ ಅವೇ ಜಾಸ್ತಿ ಲಾಭ ತಂದವು. ಮ್ಯಾಟ್ ಮತ್ತು ಎಲಿಯಟ್ ಹೆಸರು ಸೇರಿ ಕಂಪನಿ ಮ್ಯಾಟೆಲ್ ಆಯಿತು. ಮಾಲು ಮಾರಿ, ಆರ್ಡರು ಹಿಡಿದು, ಲೆಕ್ಕ ನೋಡುತ್ತಿದ್ದದ್ದು ರೂತ್. ಅವರ ಹೆಸರು ಕಂಪನಿಯ ಹೆಸರಿನಲ್ಲಿ ಸೇರಲೇ ಇಲ್ಲ. ಸ್ವಲ್ಪ ದಿನದಲ್ಲೇ ಮ್ಯಾಟ್ಸನ್ ಪಾಲು ಬಿಟ್ಟು ಹೋದರು. ಗಂಡ ಹೆಂಡತಿ ಉಳಿದರು. ಎಲಿಯಟ್ ಆಟಿಕೆ ಕಂಡುಹಿಡಿಯುವುದು, ರೂತ್ ವ್ಯಾಪಾರ ನೋಡುವುದು.

ರೂತ್ ಎಂಥ ವ್ಯಾಪಾರಿ ಅನ್ನುವುದಕ್ಕೆ ಒಂದೇ ಉದಾಹರಣೆ ಸಾಕು. 1955ರಲ್ಲಿ ಎಬಿಸಿ ಟಿವಿ ಡಿಸ್ನಿಯವರ ಮಿಕ್ಕಿ ಮೌಸ್ ಕ್ಲಬ್ ಕಾರ್ಯಕ್ರಮ ಶುರು ಮಾಡುವುದಿತ್ತು. ವರ್ಷಪೂರ್ತಿ ಜಾಹೀರಾತು ಕೊಡಿ, 5 ಲಕ್ಷ ಡಾಲರ್ ಆಗುತ್ತದೆ ಅಂದರು. ಆಗ ಮ್ಯಾಟೆಲ್ ಕಂಪನಿಯ ಒಟ್ಟು ಬೆಲೆಯೇ ಹೆಚ್ಚು ಕಡಿಮೆ ಅಷ್ಟು. ಹ್ಯಾಂಡ್ಲರ್ ದಂಪತಿ ಹೂಂ ಅಂದುಬಿಟ್ಟರು. ಅಲ್ಲಿಯವರೆಗೆ ಅಮೆರಿಕದಲ್ಲಿ ಆಟಿಕೆ ಕಂಪನಿಗಳು ಕ್ರಿಸ್‌ಮಸ್ ಹತ್ತಿರ ಬಂದಾಗ ಒಂದಿಷ್ಟು ಜಾಹೀರಾತು ಹಾಕಿ ಸುಮ್ಮನಾಗುತ್ತಿದ್ದವು. ಯಾವ ಆಟಿಕೆ ಕೊಳ್ಳಬೇಕು ಅಂತ ಅಂಗಡಿಯವನು ತಾಯಿಗೆ ಹೇಳುತ್ತಿದ್ದ. ಈಗ ಕಂಪನಿ ನೇರ ಮಗುವಿನ ಹತ್ತಿರ ಮಾತಾಡತೊಡಗಿತು, ಅದೂ ವರ್ಷವಿಡೀ. ಈ ದಾರಿ ಮೊದಲೇ ತೆರೆದಿರದಿದ್ದರೆ ನಾಲ್ಕು ವರ್ಷದ ನಂತರ ಬಾರ್ಬಿ ಗೆಲ್ಲುತ್ತಿರಲಿಲ್ಲ ಅಂತಲೇ ನನ್ನ ನಂಬಿಕೆ.

ಹೆಂಗಸಿನ ರೂಪದ ಗೊಂಬೆ ಮಾಡೋಣ ಅಂತ ರೂತ್ ತಮ್ಮ ಕಂಪನಿಯ ಗಂಡಸರಿಗೆ ಬಹಳ ದಿನದಿಂದ ಹೇಳುತ್ತಿದ್ದರು. ಖರ್ಚು ಜಾಸ್ತಿ, ಎದೆ ಇರುವ ಗೊಂಬೆಯನ್ನು ಯಾವ ತಾಯಿ ಮಗಳಿಗೆ ಕೊಡಿಸುತ್ತಾಳೆ ಅಂತ ಅವರು ತಳ್ಳಿಹಾಕುತ್ತಿದ್ದರು. ಇಲ್ಲಿ ಒಂದು ವಿಷಯ ಹೇಳಬೇಕು. ಬಾರ್ಬಿಗೆ ಮೊದಲು ಅಮೆರಿಕದಲ್ಲಿ ಬರೀ ಪಾಪುವಿನ ಗೊಂಬೆಗಳೇ ಇದ್ದವು ಅನ್ನುವುದು ಪೂರ್ತಿ ನಿಜವಲ್ಲ. 1955ರಲ್ಲಿ ಮೇಡಂ ಅಲೆಕ್ಸಾಂಡರ್ ಕಂಪನಿಯ ಸಿಸ್ಸಿ, ಮರುವರ್ಷ ಐಡಿಯಲ್ ಕಂಪನಿಯ ಮಿಸ್ ರೆವ್ಲಾನ್ ಬಂದಿದ್ದವು. ಇಬ್ಬರಿಗೂ ಹೈ ಹೀಲ್ಸ್ ಇತ್ತು, ಯುವತಿಯ ಮೈ ಇತ್ತು. ಇನ್ನೂ ಹಿಂದೆ ಹೋದರೆ 19ನೇ ಶತಮಾನದ ಪ್ಯಾರಿಸ್‌ನಲ್ಲಿ ಪಿಂಗಾಣಿ ತಲೆಯ, ಪೆಟ್ಟಿಗೆ ತುಂಬ ಬಟ್ಟೆಬರೆ ಇದ್ದ ಗೊಂಬೆಗಳು ಶ್ರೀಮಂತರ ಮನೆಯ ಹುಡುಗಿಯರ ಕೈಯಲ್ಲಿದ್ದವು. ಅದಕ್ಕೂ ಮೊದಲು ಪ್ಯಾರಿಸ್‌ನ ಹೊಸ ಉಡುಪು ಹೇಗಿದೆ ಅಂತ ಬೇರೆ ದೇಶದ ಅರಮನೆಗಳಿಗೆ ತೋರಿಸಲು ಬಟ್ಟೆ ತೊಡಿಸಿದ ಗೊಂಬೆಗಳನ್ನು ಕಳಿಸುತ್ತಿದ್ದರು. ಹಾಗಾಗಿ ರೂತ್ ಯೋಚನೆ ಆಕಾಶದಿಂದ ಉದುರಿದ್ದಲ್ಲ. ಆದರೆ ಕೈಗೆ ಹಗುರ, ಬೆಲೆಗೂ ಹಗುರ, ಬಟ್ಟೆ ಬೇರೆ ಬೇರೆಯಾಗಿ ಕೊಳ್ಳುವ ಗೊಂಬೆ ಅವತ್ತಿನ ಅಂಗಡಿಗಳಲ್ಲಿ ಇರಲಿಲ್ಲ.

1956ರ ಬೇಸಿಗೆಯಲ್ಲಿ ಹ್ಯಾಂಡ್ಲರ್ ಕುಟುಂಬ ಯುರೋಪ್ ಪ್ರವಾಸ ಹೋಯಿತು. ಬಾರ್ಬರಾಗೆ ಆಗ 15 ವರ್ಷ, ಗೊಂಬೆ ಆಡುವ ವಯಸ್ಸು ದಾಟಿತ್ತು. ಸ್ವಿಟ್ಜರ್‌ಲೆಂಡಿನ ಲುಸರ್ನ್‌ನಲ್ಲಿ ಒಂದು ಅಂಗಡಿಯ ಗಾಜಿನ ಹಿಂದೆ ಸಾಲಾಗಿ ನಿಂತ ಗೊಂಬೆಗಳು ಕಂಡವು. ಎಲ್ಲ ಒಂದೇ ಗೊಂಬೆ, ಹಿಮದಲ್ಲಿ ಸ್ಕೀ ಆಡುವ ಬೇರೆ ಬೇರೆ ಉಡುಪು. ಅವಳೇ ಲಿಲ್ಲಿ. ರೂತ್ ಮಗಳಿಗೊಂದು, ತಮಗೆ ಎರಡು ಕೊಂಡರು. ಗೊಂಬೆ ಒಂದು ಸಾಕು, ಉಳಿದ ಬಟ್ಟೆಗಳನ್ನು ಮಾತ್ರ ಕೊಡ್ತೀರಾ ಅಂತ ಅಂಗಡಿಯಲ್ಲಿ ವಿಚಾರಿಸಿದರಂತೆ. ಆಗಲ್ಲ, ಬಟ್ಟೆ ಬೇಕಿದ್ದರೆ ಗೊಂಬೆಯ ಸಮೇತ ಕೊಳ್ಳಬೇಕು ಅಂದರಂತೆ.

ಬಾರ್ಬಿಯ ಇಡೀ ಚರಿತ್ರೆಯಲ್ಲಿ ನನಗೆ ಮುಖ್ಯ ಅನ್ನಿಸುವುದು ಈ ಪ್ರಶ್ನೆ. ಕಾಗದದ ಗೊಂಬೆ ಆಡುವ ಮಗಳನ್ನು ಸಾವಿರಾರು ತಾಯಂದಿರು ನೋಡಿದ್ದರು. ಲಿಲ್ಲಿಯನ್ನೂ ಎಷ್ಟೋ ಪ್ರವಾಸಿಗಳು ನೋಡಿದ್ದರು. ಬಟ್ಟೆ ಬೇರೆ ಮಾರ್ತೀರಾ ಅಂತ ಕೇಳಿದ ರೂತ್‌ಗೆ, ದುಡ್ಡು ಇರುವುದು ಗೊಂಬೆಯಲ್ಲಲ್ಲ, ಬಟ್ಟೆಯಲ್ಲಿ ಅನ್ನುವುದು ಆ ಅಂಗಡಿಯಲ್ಲೇ ಹೊಳೆದಿತ್ತು.

ಮುಂದಿನ ಮೂರು ವರ್ಷ ನಡೆದದ್ದು ಕೆಲಸ. ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮ್ಯಾಟೆಲ್‌ನಲ್ಲಿ ಜ್ಯಾಕ್ ರಯಾನ್ ಅಂತ ಎಂಜಿನಿಯರ್ ಇದ್ದರು. ಯೇಲ್ ವಿಶ್ವವಿದ್ಯಾಲಯದಲ್ಲಿ ಓದಿ, ರೇಥಿಯಾನ್ ಕಂಪನಿಯಲ್ಲಿ ಕ್ಷಿಪಣಿಗಳ ಮೇಲೆ ಕೆಲಸ ಮಾಡಿ ಬಂದವರು. 1957ರಲ್ಲಿ ಅವರು ಜಪಾನಿಗೆ ಹೊರಟಾಗ ರೂತ್ ಒಂದು ಲಿಲ್ಲಿಯನ್ನು ಅವರ ಕೈಗೆ ಕೊಟ್ಟು, ಇಂಥದ್ದನ್ನು ಮಾಡಿಕೊಡುವವರು ಸಿಗುತ್ತಾರಾ ನೋಡಿ ಅಂದರು. ಜಪಾನೇ ಯಾಕೆ? ಯುದ್ಧದ ನಂತರ ಟೋಕಿಯೊ ಸುತ್ತಮುತ್ತ ಆಟಿಕೆ ಉದ್ಯಮ ಮತ್ತೆ ಚಿಗುರಿತ್ತು, ಅಲ್ಲಿನ ತಗಡಿನ ಕಾರು, ರೋಬೋಟುಗಳು ಅಮೆರಿಕಕ್ಕೆ ಹಡಗುಗಟ್ಟಲೆ ಬರುತ್ತಿದ್ದವು. ಕೆಲಸಗಾರರ ಕೈ ನುರಿತಿತ್ತು, ಕೂಲಿ ಕಡಿಮೆ. ಅಮೆರಿಕದಲ್ಲೇ ಮಾಡಿಸಿದ್ದರೆ 3 ಡಾಲರಿಗೆ ಈ ಗೊಂಬೆ ಕೊಡಲು ಸಾಧ್ಯವೇ ಇರಲಿಲ್ಲ. ಕೊಕುಸೈ ಬೊಯೆಕಿ ಅನ್ನುವ ವ್ಯಾಪಾರಿ ಸಂಸ್ಥೆ ಕೆಲಸ ಒಪ್ಪಿಕೊಂಡಿತು.

ಲಿಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ಗೊಂಬೆ. ಅವಳ ಕಪ್ಪು ಚಪ್ಪಲಿ ಕಾಲಿಗೇ ಅಂಟಿಕೊಂಡದ್ದು, ಕಿವಿಯ ಓಲೆಯೂ ಹಾಗೇ. ಕೂದಲು ನೆತ್ತಿಯ ಮೇಲೆ ಕೂರಿಸಿದ ಒಂದು ಮುಚ್ಚಳದಂಥ ಭಾಗಕ್ಕೆ ಸೇರಿರುತ್ತಿತ್ತು. ಮ್ಯಾಟೆಲ್‌ಗೆ ವಿನೈಲ್ ಅನ್ನುವ ಮೆತ್ತನೆಯ ಪ್ಲಾಸ್ಟಿಕ್ ಬೇಕಿತ್ತು, ಕೂದಲನ್ನು ತಲೆಗೆ ಎಳೆ ಎಳೆಯಾಗಿ ಹೊಲಿಯಬೇಕಿತ್ತು, ಚಪ್ಪಲಿ ಹಾಕಿ ತೆಗೆಯುವ ಹಾಗಿರಬೇಕಿತ್ತು. ದ್ರವ ವಿನೈಲನ್ನು ಅಚ್ಚಿಗೆ ಸುರಿದು, ಬಿಸಿ ಮಾಡುತ್ತಾ ಅಚ್ಚನ್ನು ತಿರುಗಿಸುತ್ತಿರಬೇಕು. ಆಗ ವಿನೈಲ್ ಒಳಗೋಡೆಗೆ ಸಮನಾಗಿ ಹಿಡಿದುಕೊಂಡು ಗಟ್ಟಿಯಾಗುತ್ತದೆ. ದೊಡ್ಡ ತಲೆಯ ಪಾಪು ಗೊಂಬೆಗೆ ಇದು ಸುಲಭ. ಬಾರ್ಬಿಯ ಬೆರಳು ಎಷ್ಟು ಸಣ್ಣ ಅಂತ ನೋಡಿದ್ದೀರಲ್ಲ? ಅಚ್ಚಿನ ಆ ತುದಿಯಲ್ಲಿ ಗಾಳಿ ಉಳಿದು ಗುಳ್ಳೆ ಬರುತ್ತಿತ್ತು, ಬೆರಳು ಅರ್ಧಕ್ಕೆ ನಿಲ್ಲುತ್ತಿತ್ತು. ಅಚ್ಚು ತಿರುಗಿಸುವ ವೇಗ, ಶಾಖ ಎಲ್ಲ ಹೊಂದಿಸಿಕೊಳ್ಳುವಷ್ಟರಲ್ಲಿ ಎಷ್ಟೋ ಮಾದರಿ ಹಾಳಾದವು.

ಮುಖವನ್ನೂ ತಿದ್ದಿದರು. ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೊದಲ್ಲಿ ಮೇಕಪ್ ನೋಡಿಕೊಳ್ಳುತ್ತಿದ್ದ ಬಡ್ ವೆಸ್ಟ್‌ಮೋರ್ ಸಲಹೆ ಪಡೆದರು. ಲಿಲ್ಲಿಯ ಚೂಪು ಹುಬ್ಬು, ಚೂಪು ತುಟಿಯನ್ನು ಸ್ವಲ್ಪ ಸೌಮ್ಯ ಮಾಡಿದರು. ಓರೆಗಣ್ಣಿನ ನೋಟ ಮಾತ್ರ ಹಾಗೇ ಉಳಿಯಿತು. ಜಪಾನಿನಿಂದ ಬಂದ ಮಾದರಿಗಳ ಎದೆ ತೀರಾ ನಿಜದಂತಿತ್ತೆಂದು, ಸಣ್ಣ ಅರ ಹಿಡಿದು ತಾವೇ ಉಜ್ಜಿ ನಯ ಮಾಡಿ ವಾಪಸ್ ಕಳಿಸಿದ್ದಾಗಿ ರಯಾನ್ ಆಮೇಲೆ ಹೇಳಿಕೊಂಡಿದ್ದಾರೆ.

ಬಟ್ಟೆಯ ಹೊಣೆ ಹೊತ್ತವರು ಷಾರ್ಲೆಟ್ ಜಾನ್ಸನ್. ಉಡುಪು ವಿನ್ಯಾಸದಲ್ಲಿ ಪಳಗಿದವರು, ಲಾಸ್ ಏಂಜಲೀಸ್‌ನ ಕಲಾಶಾಲೆಯೊಂದರಲ್ಲಿ ಅದನ್ನು ಕಲಿಸುತ್ತಲೂ ಇದ್ದರು. ರೂತ್ ಅವರನ್ನು ಟೋಕಿಯೊಗೆ ಕಳಿಸಿದರು. ಷಾರ್ಲೆಟ್ ಅಲ್ಲಿ ಇಂಪೀರಿಯಲ್ ಹೋಟೆಲಿನಲ್ಲಿ ಉಳಿದುಕೊಂಡು ಸುಮಾರು ಒಂದು ವರ್ಷ ಕೆಲಸ ಮಾಡಿದರು. ಅಮೆರಿಕದ ವಾಸ್ತುಶಿಲ್ಪಿ ಫ್ರ್ಯಾಂಕ್ ಲಾಯ್ಡ್ ರೈಟ್ ವಿನ್ಯಾಸ ಮಾಡಿದ ಆ ಹಳೆಯ ಹೋಟೆಲ್ ಆಗ ಇನ್ನೂ ಇತ್ತು. ಅವರ ಜೊತೆ ಕೂತು ಮಾದರಿ ಹೊಲಿದವರು ಜಪಾನಿನ ಹೆಂಗಸರು. ಅವರಲ್ಲೊಬ್ಬರಾದ ಫುಮಿಕೊ ಮಿಯಾತ್ಸುಕಾ ಆ ದಿನಗಳ ಬಗ್ಗೆ ಜಪಾನಿ ಭಾಷೆಯಲ್ಲಿ ಪುಸ್ತಕವನ್ನೇ ಬರೆದಿದ್ದಾರೆ.

ಹೊಲಿಗೆ ಗೊತ್ತಿರುವವರಿಗೆ ಇದರ ಕಷ್ಟ ಬೇಗ ಅರ್ಥವಾಗುತ್ತದೆ. ಬಾರ್ಬಿ ನಮ್ಮ ಎತ್ತರದ ಆರರಲ್ಲಿ ಒಂದು ಪಾಲು. ಆದರೆ ಬಟ್ಟೆಯ ನೂಲು ಆರರಲ್ಲಿ ಒಂದು ಪಾಲು ಸಣ್ಣಗಾಗುವುದಿಲ್ಲ. ನಮ್ಮ ಅಂಗಿಗೆ ತೆಳ್ಳಗೆ ಅನ್ನಿಸುವ ಬಟ್ಟೆ ಗೊಂಬೆಯ ಮೈಮೇಲೆ ಕಂಬಳಿಯಂತೆ ದಪ್ಪ. ಹೂವಿನ ಪ್ರಿಂಟ್ ಇದ್ದರೆ ಒಂದೇ ಹೂವು ಇಡೀ ಎದೆಯನ್ನು ಮುಚ್ಚುತ್ತದೆ. ಆದ್ದರಿಂದ ಬಲು ತೆಳು ಬಟ್ಟೆ, ಬಲು ಸಣ್ಣ ಪ್ರಿಂಟ್ ಹುಡುಕಬೇಕು, ಇಲ್ಲದಿದ್ದರೆ ನೇಯಿಸಬೇಕು. ಪುಟ್ಟ ಗುಂಡಿ, ಪುಟ್ಟ ಪ್ರೆಸ್ ಬಟನ್, ಪುಟ್ಟ ಜಿಪ್ ಎಲ್ಲ ಮಾಡಿಸಬೇಕು. ಷಾರ್ಲೆಟ್ ಹಟ ಎಷ್ಟಿತ್ತೆಂದರೆ ಕೋಟಿಗೆ ಒಳಗಡೆ ಲೈನಿಂಗ್ ಬೇಕೇ ಬೇಕು ಅಂದರು. ಯಾರ ಕಣ್ಣಿಗೂ ಕಾಣದ ಜಾಗ! ಆ ಮೊದಲ ವರ್ಷದ ಒಂದು ಉಡುಪಿನ ಜೊತೆ ಬಾಚಣಿಗೆ, ಕರವಸ್ತ್ರ, ಕನ್ನಡಕ, ಅದನ್ನಿಡಲು ಒಂದು ಚೀಲ, ಮುಚ್ಚಳದ ಮೇಲೆ ಬಾರ್ಬಿಯ ಮೊದಲಕ್ಷರ ಇರುವ ಹಿತ್ತಾಳೆಯ ಪೌಡರ್ ಡಬ್ಬಿ ಬರುತ್ತಿದ್ದವು. ಆ ಡಬ್ಬಿ ಉಗುರಿನಷ್ಟು. ಆಡುವ ಮಕ್ಕಳು ಅದನ್ನು ಮೊದಲ ದಿನವೇ ಕಳೆದುಬಿಡುತ್ತಿದ್ದರೇನೋ, ಅದಕ್ಕೇ ಇವತ್ತು ಹಳೆಯ ಬಾರ್ಬಿ ಸಂಗ್ರಹಿಸುವವರಿಗೆ ಅದು ಸಿಕ್ಕರೆ ನಿಧಿ ಸಿಕ್ಕ ಹಾಗೆ.

ಇದನ್ನೆಲ್ಲ ಹೊಲಿದದ್ದು ದೊಡ್ಡ ಕಾರ್ಖಾನೆಯಲ್ಲಲ್ಲ. ಕತ್ತರಿಸಿದ ಬಟ್ಟೆಯ ಚೂರುಗಳು ಮನೆ ಮನೆಗೆ ಹೋಗುತ್ತಿದ್ದವು. ನಮ್ಮ ಕರಾವಳಿಯಲ್ಲಿ ಹೆಂಗಸರು ಮನೆಕೆಲಸ ಮುಗಿಸಿ ಬೀಡಿ ಕಟ್ಟಿ, ಲೆಕ್ಕ ಮಾಡಿ ಬ್ರಾಂಚಿಗೆ ಕೊಟ್ಟು ಬರುತ್ತಾರಲ್ಲ, ಹಾಗೇ ಅಲ್ಲಿಯೂ. ಮಕ್ಕಳು ಮಲಗಿದ ಮೇಲೆ ಜಪಾನಿನ ತಾಯಂದಿರು ಗೊಂಬೆಯ ಜಾಕೀಟಿಗೆ ತೋಳು ಕೂರಿಸುತ್ತಿದ್ದರು. ತುಂಡಿಗಿಷ್ಟು ಅಂತ ಕೂಲಿ. ಬಾರ್ಬಿ ಅಂದರೆ ಅಪ್ಪಟ ಅಮೆರಿಕದ ಹುಡುಗಿ ಅಂತ ಜಗತ್ತು ನಂಬಿದೆ. ಜರ್ಮನಿಯ ಮೈ, ಜಪಾನಿನ ಹೊಲಿಗೆ ಎರಡನ್ನೂ ತೆಗೆದುಬಿಟ್ಟರೆ ಆ ಹುಡುಗಿಯಲ್ಲಿ ಉಳಿಯುವುದು ಹೆಸರು ಮತ್ತು ವ್ಯಾಪಾರ. ಆ ಹೆಂಗಸರ ಹೆಸರು ಯಾವ ಪೆಟ್ಟಿಗೆಯ ಮೇಲೂ ಬರಲಿಲ್ಲ. ಇದನ್ನು ಹೇಳುವಾಗ ನನಗೆ ಪ್ರತಿ ಸಲವೂ ಬೇಜಾರಾಗುತ್ತದೆ.

ಗೊಂಬೆ ತಯಾರಾಯಿತು. ತಾಯಂದಿರು ಒಪ್ಪಬೇಕಲ್ಲ? 1958ರಲ್ಲಿ ಮ್ಯಾಟೆಲ್ ಅರ್ನೆಸ್ಟ್ ಡಿಕ್ಟರ್ ಅನ್ನುವ ಮನಶ್ಶಾಸ್ತ್ರಜ್ಞರ ಹತ್ತಿರ ಹೋಯಿತು. ವಿಯೆನ್ನಾದಿಂದ ವಲಸೆ ಬಂದವರು. ಜನ ಒಂದು ಸಾಮಾನನ್ನು ಯಾಕೆ ಕೊಳ್ಳುತ್ತಾರೆ, ಬಾಯಲ್ಲಿ ಹೇಳುವ ಕಾರಣದ ಹಿಂದೆ ಏನಿದೆ ಅಂತ ಹುಡುಕಿಕೊಡುವುದೇ ಅವರ ಕಸುಬು. ಅವರ ತಂಡ ಹುಡುಗಿಯರನ್ನೂ ತಾಯಂದಿರನ್ನೂ ಕೂರಿಸಿಕೊಂಡು ಮಾತಾಡಿಸಿತು. ಹುಡುಗಿಯರು ಗೊಂಬೆಯನ್ನು ಮೆಚ್ಚಿದರು. ತಾಯಂದಿರು ಮುಖ ಸಿಂಡರಿಸಿದರು. ಆದರೆ ಮಗಳು ಆ ಗೊಂಬೆಯ ಹಾಗೆ ಅಚ್ಚುಕಟ್ಟಾಗಿ ಇರಲು ಕಲಿಯುತ್ತಾಳೆ ಅಂದಾಗ ತಾಯಿಯ ಮನಸ್ಸು ಮೆತ್ತಗಾಗುತ್ತದೆ ಅನ್ನುವುದನ್ನು ಡಿಕ್ಟರ್ ಗುರುತಿಸಿದರು. ತಾಯಿಗೆ ಅಚ್ಚುಕಟ್ಟುತನ ಮಾರಿ, ಮಗಳಿಗೆ ಕನಸು ಮಾರಿ: ಅವರ ಸಲಹೆಯ ಸಾರ ಇಷ್ಟೇ. ಇದು ಜಾಣತನ, ನಿಜ. ಆದರೆ ತಾಯಿಯ ಹೆದರಿಕೆಯನ್ನು ತಿಳಿದುಕೊಂಡು, ಆ ಹೆದರಿಕೆಯನ್ನೇ ಬಳಸಿ ಮಾರುವುದು ನನಗೆ ಸರಿಕಾಣುವುದಿಲ್ಲ.

1959ರ ಮಾರ್ಚ್ 9. ನ್ಯೂಯಾರ್ಕಿನ ಆಟಿಕೆ ಮೇಳ. ಕಪ್ಪು ಬಿಳಿ ಪಟ್ಟೆಯ ಈಜುಡುಗೆ, ಎತ್ತಿ ಕಟ್ಟಿದ ಜುಟ್ಟು, ಕಿವಿಗೆ ರಿಂಗು, ಕೆಂಪು ತುಟಿ. ಹನ್ನೊಂದೂವರೆ ಇಂಚು ಎತ್ತರ, 3 ಡಾಲರ್ ಬೆಲೆ. ಹೊಂಬಣ್ಣದ ಕೂದಲಿನವಳೊಬ್ಬಳು, ಕಂದು ಕೂದಲಿನವಳೊಬ್ಬಳು. ಇಪ್ಪತ್ತಕ್ಕೂ ಹೆಚ್ಚು ಉಡುಪುಗಳು ಬೇರೆ ಬೇರೆಯಾಗಿ ಸಿಗುತ್ತಿದ್ದವು, ಮದುವೆಯ ಗೌನಿಗೆ 5 ಡಾಲರ್. ಅಂದರೆ ಮದುವೆಯ ಬಟ್ಟೆ ಮದುವಣಗಿತ್ತಿಗಿಂತ ದುಬಾರಿ. ಲುಸರ್ನ್ ಅಂಗಡಿಯ ಪ್ರಶ್ನೆಗೆ ಸಿಕ್ಕ ಉತ್ತರ ಅದು.

ಮೇಳಕ್ಕೆ ಬಂದ ಅಂಗಡಿಗಳ ಖರೀದಿದಾರರು ಹೆಚ್ಚಿನವರು ಗಂಡಸರು. ಬಹಳ ಜನ ತಲೆ ಅಲ್ಲಾಡಿಸಿ ಹೋದರು. ದೊಡ್ಡ ಅಂಗಡಿ ಸರಪಳಿ ಸಿಯರ್ಸ್‌ನ ಖರೀದಿದಾರರೂ ಕೊಳ್ಳಲಿಲ್ಲ. ರೂತ್ ಹೆದರಿ ಜಪಾನಿಗೆ ತಂತಿ ಕಳಿಸಿ ಉತ್ಪಾದನೆ ಕಡಿಮೆ ಮಾಡಿಸಿದರು. ಅಷ್ಟರಲ್ಲಿ ಟಿವಿಯಲ್ಲಿ ಜಾಹೀರಾತು ಶುರುವಾಗಿತ್ತು. ಅದರಲ್ಲಿ ಬಾರ್ಬಿಯನ್ನು ಗೊಂಬೆ ಅಂತ ತೋರಿಸಲಿಲ್ಲ, ನಿಜವಾದ ಫ್ಯಾಷನ್ ಮಾಡೆಲ್ ಹುಡುಗಿಯ ಹಾಗೆ ತೋರಿಸಿದರು. ಬೇಸಿಗೆ ರಜೆ ಬಂತು, ಮಕ್ಕಳು ಅಂಗಡಿಗೆ ನುಗ್ಗಿದರು. ಮೇಳದಲ್ಲಿ ಬೇಡ ಅಂದವರೆಲ್ಲ ಬೇಕು ಬೇಕು ಅಂದರು. ಮೊದಲ ವರ್ಷ ಸುಮಾರು 3,50,000 ಗೊಂಬೆ ಮಾರಾಟವಾದವು. ಕೇಳಿದವರಿಗೆಲ್ಲ ಕೊಡುವಷ್ಟು ಮಾಲು ಮಾಡಲು ಮೂರು ವರ್ಷ ಹಿಡಿಯಿತು ಅಂತ ರೂತ್ ಹೇಳುತ್ತಿದ್ದರು.

ಆ ಮೊದಲ ಗೊಂಬೆಗಳನ್ನು ಗುರುತಿಸುವುದು ಸುಲಭ. ಅಂಗಾಲಿನಲ್ಲಿ ಎರಡು ತೂತು, ಒಳಗೆ ತಾಮ್ರದ ಕೊಳವೆ. ನಿಲ್ಲಿಸುವ ಪೀಠದ ಕಡ್ಡಿಗಳು ಅದರೊಳಗೆ ಕೂರುತ್ತಿದ್ದವು. ಆ ವಿನೈಲ್ ವರ್ಷಗಳು ಕಳೆದಂತೆ ಬಿಳಚಿಕೊಂಡು ದಂತದ ಬಣ್ಣಕ್ಕೆ ತಿರುಗಿತು. ರಿಂಗಿನ ಲೋಹ ವಿನೈಲ್ ಜೊತೆ ಸೇರಿ ಕಿವಿಯ ಸುತ್ತ ಹಸಿರು ಕಲೆ ಬರುತ್ತದೆ. ಮೊದಲ ದಿನಗಳಲ್ಲಿ ಯಾರಿಗೂ ಹೊಳೆಯದ ಸಂಗತಿಗಳು ಇವೆಲ್ಲ. ಹಿಂಭಾಗದಲ್ಲಿ ಮ್ಯಾಟೆಲ್ ಹೆಸರು, ರೋಮನ್ ಅಂಕಿಯಲ್ಲಿ 1958, ಜೊತೆಗೆ ಪೇಟೆಂಟ್‌ಗೆ ಅರ್ಜಿ ಹಾಕಿದೆ ಅನ್ನುವ ಮಾತು.

ಲಿಲ್ಲಿಯನ್ನು ಮಾಡಿದ ನಾಯ್‌ಶ್ಟಾಟ್‌ನ ಹೌಸರ್ ಕಂಪನಿಯವರಿಗೆ ಇದು ಒಪ್ಪಿಗೆಯಾಗಲಿಲ್ಲ. ಲಿಲ್ಲಿಯ ಸೊಂಟದ ಕೀಲಿಗೆ ಹೌಸರ್ ಕಡೆಯವರಿಗೆ ಅಮೆರಿಕದಲ್ಲೇ 1960ರಲ್ಲಿ ಪೇಟೆಂಟ್ ಸಿಕ್ಕಿತ್ತು. ಲೂಯಿಸ್ ಮಾರ್ಕ್ಸ್ ಅನ್ನುವ ದೊಡ್ಡ ಅಮೆರಿಕನ್ ಆಟಿಕೆ ಕಂಪನಿ ಅವರಿಂದ ಹಕ್ಕು ಪಡೆದು 1961ರಲ್ಲಿ ಮ್ಯಾಟೆಲ್ ಮೇಲೆ ಕೇಸು ಹಾಕಿತು. ಮ್ಯಾಟೆಲ್ ತಿರುಗಿ ಕೇಸು ಹಾಕಿತು. 1963ರಲ್ಲಿ ಯಾರಿಗೂ ಏನೂ ದಕ್ಕದೆ ಎರಡೂ ಮುಗಿದವು. ಮರುವರ್ಷ ಮ್ಯಾಟೆಲ್ ಲಿಲ್ಲಿಯ ಹಕ್ಕುಗಳನ್ನೇ ಕೊಂಡುಕೊಂಡಿತು. ಕೊಟ್ಟದ್ದು ಸುಮಾರು 21,600 ಡಾಲರ್, ಒಂದೇ ಕಂತು. ಲಿಲ್ಲಿ ತಯಾರಿ ನಿಂತುಹೋಯಿತು. ಅಲ್ಲಿಯವರೆಗೆ ಮಾಡಿದ್ದು ಒಟ್ಟು ಸುಮಾರು 1,30,000. ಬಾರ್ಬಿ ಮೊದಲ ವರ್ಷದಲ್ಲೇ ಅದರ ಎರಡರಷ್ಟಕ್ಕೂ ಹೆಚ್ಚು ಮಾರಾಟವಾಗಿತ್ತು. ಹೌಸರ್ ಕಂಪನಿ 1983ರಲ್ಲಿ ದಿವಾಳಿಯಾಯಿತು. ನಾನು ಸಿದ್ಧಪಡಿಸಿಕೊಂಡು ಬಂದ ಮಾತು ಇಲ್ಲಿಗೆ ಮುಗಿಯಿತು. ಇನ್ನು ನಿಮ್ಮ ಪ್ರಶ್ನೆಗಳು.

ಮೊದಲು ಒಬ್ಬ ಹಿರಿಯರು ಕೇಳಿದರು: “ಹಾಗಾದರೆ ರೂತ್ ಕದ್ದರು ಅಂತಲೇ ಹೇಳಬಹುದಲ್ವಾ?”

ಕಾನೂನಿನ ಪ್ರಕಾರ ಹಾಗೆ ತೀರ್ಪು ಬಂದಿಲ್ಲ ಸರ್. ಹಕ್ಕನ್ನು ದುಡ್ಡು ಕೊಟ್ಟು ಕೊಂಡೂ ಆಯಿತು, ಐದು ವರ್ಷ ತಡವಾಗಿ. ನನ್ನ ಅಭಿಪ್ರಾಯ ಕೇಳಿದರೆ, ರೂಪವನ್ನು ಲಿಲ್ಲಿಯಿಂದ ತೆಗೆದುಕೊಂಡರು, ಉದ್ದೇಶವನ್ನು ಬದಲಾಯಿಸಿದರು. ಗಂಡಸರು ನೋಡಿ ನಗಲು ಮಾಡಿದ ಹೆಣ್ಣನ್ನು ಹುಡುಗಿಯರು ತಮ್ಮ ಮುಂದಿನ ಬದುಕನ್ನು ಆಡಿ ನೋಡುವ ಗೊಂಬೆಯಾಗಿ ಮಾಡಿದ್ದು ರೂತ್ ಅವರ ದೊಡ್ಡ ಕೆಲಸ. ಅದನ್ನು ಕಡಿಮೆ ಮಾಡಿ ಹೇಳಲು ನನಗೆ ಇಷ್ಟವಿಲ್ಲ. ಆದರೆ ಬಹಳ ವರ್ಷ ಕಂಪನಿ ಹೇಳುವ ಕತೆಯಲ್ಲಿ ಲಿಲ್ಲಿಯ ಹೆಸರು ಕಾಣುತ್ತಿರಲಿಲ್ಲ. ಅದು ತಪ್ಪು. ರೂತ್ ಅವರೇ 1994ರ ತಮ್ಮ ಆತ್ಮಕಥೆಯಲ್ಲಿ ಲಿಲ್ಲಿಯ ವಿಷಯ ಹೇಳಿದ್ದಾರೆ.

ಒಬ್ಬ ತಾಯಿ ಸೊಂಟದ ಬಗ್ಗೆ ಕೇಳಿದರು. ಅಷ್ಟು ಸಣ್ಣ ಸೊಂಟ ಯಾಕೆ ಮಾಡಿದರು, ಹೆಣ್ಣುಮಕ್ಕಳು ಅದನ್ನು ನೋಡಿ ತಮ್ಮ ಮೈ ಬಗ್ಗೆಯೇ ಬೇಸರ ಪಟ್ಟುಕೊಳ್ಳಲ್ವಾ ಅಂತ.

ಬಟ್ಟೆಯ ವಿನ್ಯಾಸ ಮಾಡಿದವರು ಕೊಡುವ ಕಾರಣ ಒಂದಿದೆ ಅಮ್ಮ. ಲಂಗದ ಪಟ್ಟಿ, ಮಡಿಕೆ, ರವಿಕೆಯ ಅಂಚು, ಲೈನಿಂಗ್ ಎಲ್ಲ ಸೊಂಟದ ಹತ್ತಿರವೇ ಸೇರುತ್ತವೆ. ಬಟ್ಟೆ ತೆಳ್ಳಗಾಗದ ಕಾರಣ ನಾಲ್ಕು ಪದರ ಸೇರಿದರೆ ಗೊಂಬೆ ದಪ್ಪ ಕಾಣುತ್ತದೆ, ಅದಕ್ಕೇ ಸೊಂಟವನ್ನು ಮೊದಲೇ ಸಣ್ಣ ಮಾಡಬೇಕು ಅಂತ. ಇದು ನಿಜವಾದ ಕಾರಣವೇ. ಆದರೆ ಲಿಲ್ಲಿಯ ಸೊಂಟವೂ ಹಾಗೇ ಇತ್ತು, ಅವಳನ್ನು ಮಾಡಿದ್ದು ಗಂಡಸರ ಕಣ್ಣಿಗಾಗಿ. ಆ ಮೈ ಬಾರ್ಬಿಗೂ ಬಂತು ಅನ್ನುವುದನ್ನು ಬಿಟ್ಟು ಬರೀ ಹೊಲಿಗೆಯ ಕಾರಣ ಹೇಳಿದರೆ ಸಾಲದು. ನಿಮ್ಮ ಆತಂಕ ಸರಿಯಾದದ್ದು. ಮ್ಯಾಟೆಲ್ ಉಬ್ಬಿದ ಸೊಂಟದ, ಎತ್ತರದ, ಗಿಡ್ಡ ಮೈಕಟ್ಟುಗಳ ಬಾರ್ಬಿಯನ್ನು ತಂದದ್ದು 2016ರಲ್ಲಿ. ಅಷ್ಟು ವರ್ಷ ಬೇಕಾಯಿತು.

ರೂತ್ ಆಮೇಲೆ ಏನಾದರು ಅಂತ ಇನ್ನೊಬ್ಬರು ಕೇಳಿದರು. 1970ರಲ್ಲಿ ಅವರಿಗೆ ಸ್ತನ ಕ್ಯಾನ್ಸರ್ ಆಗಿ ಒಂದು ಸ್ತನ ತೆಗೆಯಬೇಕಾಯಿತು. 1975ರಲ್ಲಿ ಕಂಪನಿಯಿಂದ ಹೊರಬಂದರು. ಸುಳ್ಳು ಲೆಕ್ಕದ ಆರೋಪದ ಮೇಲೆ 1978ರಲ್ಲಿ ಕೇಸೂ ಆಯಿತು, ಅವರು ಎದುರು ವಾದ ಮಾಡಲಿಲ್ಲ. 57,000 ಡಾಲರ್ ದಂಡ, 2,500 ಗಂಟೆ ಸಮಾಜಸೇವೆಯ ಶಿಕ್ಷೆ. ಇದರ ನಡುವೆಯೇ ಅವರು ಇನ್ನೊಂದು ಕೆಲಸ ಕೈಗೆತ್ತಿಕೊಂಡಿದ್ದರು. ಆಪರೇಷನ್ ಆದ ಹೆಂಗಸರಿಗೆ ಅಂಗಡಿಗಳಲ್ಲಿ ಸಿಗುತ್ತಿದ್ದ ಕೃತಕ ಸ್ತನಗಳು ಸುಮ್ನೆ ಒಂದು ಮುದ್ದೆ, ಎಡ ಬಲ ಅಂತ ಬೇರೆ ಇರುತ್ತಿರಲಿಲ್ಲ. ಕೃತಕ ಅಂಗ ತಯಾರಿಸುವ ಪೇಟನ್ ಮ್ಯಾಸ್ಸಿ ಅವರ ಜೊತೆ ಸೇರಿ ಎಡಕ್ಕೆ ಬೇರೆ, ಬಲಕ್ಕೆ ಬೇರೆ, ಬ್ರಾ ಕೊಳ್ಳುವಂತೆ ಅಳತೆ ನೋಡಿ ಕೊಳ್ಳುವ ಹಾಗೆ ಮಾಡಿದರು. ‘ನಿಯರ್ಲಿ ಮಿ’ ಅಂತ ಹೆಸರು. ಅಂಗಡಿಗಳಿಗೆ ತಾವೇ ಹೋಗಿ ಹೆಂಗಸರಿಗೆ ಅಳತೆ ನೋಡಿ ಕೂರಿಸಿಕೊಡುತ್ತಿದ್ದರು. 2002ರಲ್ಲಿ, 85ನೇ ವಯಸ್ಸಿನಲ್ಲಿ ತೀರಿಕೊಂಡರು.

ಕೊನೆಗೆ ಒಬ್ಬ ಕಾಲೇಜು ಹುಡುಗಿ ಎದ್ದು, ದಸರಾಕ್ಕೆ ಗೊಂಬೆ ಕೂರಿಸುವಾಗ ಅಮ್ಮ ತನ್ನ ಹಳೆಯ ಬಾರ್ಬಿಗಳಿಗೆ ಸೀರೆ ಉಡಿಸಿ ಮದುವೆಯ ದೃಶ್ಯ ಮಾಡುತ್ತಾರೆ, ಅವು ಯಾವ ವರ್ಷದವು ಅಂತ ಹೇಗೆ ತಿಳಿಯುವುದು ಅಂತ ಕೇಳಿದಳು. ಬೆನ್ನ ಕೆಳಗೆ 1966 ಅಂತ ಅಚ್ಚಾಗಿದೆಯಂತೆ, ಅಷ್ಟು ಹಳೆಯದಾ ಅಂತ.

ಅಲ್ಲಮ್ಮ. ಆ ವರ್ಷ ಮೈಯ ಅಚ್ಚಿಗೆ ಹಕ್ಕು ನೋಂದಾಯಿಸಿದ ವರ್ಷ. ಸೊಂಟ ತಿರುಗುವ ಆ ಅಚ್ಚನ್ನು ಮ್ಯಾಟೆಲ್ ದಶಕಗಳ ಕಾಲ ಬಳಸಿತು, 1990ರ ದಶಕದ ಗೊಂಬೆಗಳ ಮೇಲೂ 1966 ಅಂತಲೇ ಇರುತ್ತದೆ. ತಲೆಯದ್ದು ಬೇರೆ ಅಚ್ಚು. ಕುತ್ತಿಗೆಯ ಹತ್ತಿರ, ತಲೆಯ ಅಂಚಿನ ಒಳಗೆ ನೋಡಿದರೆ 1976 ಅಂತ ಸಿಗಬಹುದು, ಅದು ಆ ಮುಖದ ಅಚ್ಚಿನ ವರ್ಷ. ಕೊಂಡ ವರ್ಷ ಬೇಕಿದ್ದರೆ ಪೆಟ್ಟಿಗೆ ಇದೆಯಾ ಅಂತ ಅಮ್ಮನನ್ನು ಕೇಳು. ಎಲ್ಲಿ ಮಾಡಿದ್ದು ಅನ್ನುವುದು ಮಾತ್ರ ಮೈಮೇಲೇ ಇರುತ್ತದೆ. ಬೆನ್ನ ಕೆಳಗೆ ವರ್ಷದ ಜೊತೆ ದೇಶದ ಹೆಸರೂ ಅಚ್ಚಾಗಿರುತ್ತದೆ. ಜಪಾನ್ ಅಂತಿದ್ದರೆ ನಿಜಕ್ಕೂ ಹಳೆಯದು. ಚೀನಾ, ಮಲೇಷ್ಯಾ, ಇಂಡೊನೇಷ್ಯಾ ಅಂತಿದ್ದರೆ ಆಮೇಲಿನದು. ಮನೆಗೆ ಹೋಗಿ ಸೀರೆ ಬಿಚ್ಚಿ ನೋಡು, ಬಂದು ನನಗೂ ಹೇಳು.